ಉಗುರಿನ ಕೆಳಗೊಂದು ಗೆರೆ

ಉಗುರು ಕಚ್ಚುವ ಚಟವಿರುವವರೆಲ್ಲ ತಾವು ಕಚ್ಚುವುದನ್ನು ಯಾರೂ ನೋಡಿಲ್ಲವೆಂದೇ ನಂಬಿರುತ್ತಾರೆ. ಅರ್ಧ ಕೈ ಬಾಯೊಳಗಿರುತ್ತದೆ, ಎದುರಿಗೆ ಹತ್ತು ಜನ ಕೂತಿರುತ್ತಾರೆ, ಆದರೂ ಆ ನಂಬಿಕೆ ಅಲುಗಾಡುವುದಿಲ್ಲ. ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದು ಸ್ವಂತ ಅನುಭವದಿಂದ. ಮೂರನೆಯ ತರಗತಿಯ ಮಗ್ಗಿ ಪರೀಕ್ಷೆಯಲ್ಲಿ ಶುರುವಾದದ್ದು ಎಂ.ಎಸ್ಸಿ. ಮುಗಿದರೂ ನಿಲ್ಲಲಿಲ್ಲ. ಅಮ್ಮ ಬೆರಳಿಗೆ ಬೇವಿನೆಣ್ಣೆ ಸವರಿ ನೋಡಿದಳು; ಎರಡು ವಾರದಲ್ಲಿ ನನಗೆ ಬೇವಿನ ರುಚಿ ಹಿಡಿಸಿಬಿಟ್ಟಿತು. ಈಗ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪ್ರಯೋಗಾಲಯದಲ್ಲಿ ಬೆರಳನ್ನು ಬಾಯಿಗೆ ಇಡಬಾರದೆಂಬ ಸೂಚನೆಯ ಹಾಳೆಯನ್ನು ಗೋಡೆಗೆ ಅಂಟಿಸಿದವಳು ನಾನೇ. ಆ ಹಾಳೆಯ ಒಕ್ಕಣೆಯನ್ನು ಯೋಚಿಸುತ್ತ ಎಡಗೈ ಹೆಬ್ಬೆರಳಿನ ಉಗುರನ್ನು ಪೂರ್ತಿ ಮುಗಿಸಿದ್ದವಳೂ ನಾನೇ.

ಇಂಥ ಬೆರಳಿಗೆ ಉಂಗುರ ತೊಡಿಸುವ ದಿನ ಹತ್ತಿರ ಬಂದಿತ್ತು. ಜಗಳೂರಿನ ಹುಡುಗ, ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ತಿಂಗಳ ಹಿಂದೆ ಅವರ ಮನೆಯವರು ಚನ್ನಗಿರಿಯ ನಮ್ಮ ಮನೆಗೆ ಬಂದು ಹೂ ಮುಡಿಸಿ ಹೋಗಿದ್ದರು. ಈಗ ಭಾನುವಾರ ನಿಶ್ಚಿತಾರ್ಥ. ಈ ವಿಷಯವನ್ನು ನಾನು ಕಾಲೇಜಿನಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಸ್ವಭಾವತಃ ನಾನು ಮನೆಯ ಮಾತನ್ನು ಮನೆಯಲ್ಲೇ ಇಡುವವಳು. ಜೊತೆಗೆ ಒಂದು ಕಹಿ ಪಾಠವೂ ಆಗಿತ್ತು. ಹೋದ ವರ್ಷ ಒಂದು ಸಂಬಂಧ ಮಾತುಕತೆಯವರೆಗೆ ಬಂದು ಮುರಿದುಬಿದ್ದಿತ್ತು. ಅದು ಹೇಗೋ ಸ್ಟಾಫ್ ರೂಮಿಗೆ ಮೊದಲೇ ಗೊತ್ತಾಗಿತ್ತು. ಮುರಿದ ಮೇಲೆ ಮೂರು ತಿಂಗಳು ಎಲ್ಲರೂ ನನ್ನನ್ನು ಜ್ವರ ಬಂದು ಎದ್ದವಳಂತೆ ನೋಡಿಕೊಂಡರು. ಯಾರ ಡಬ್ಬಿ ತೆರೆದರೂ ನನಗೆ ಎರಡು ಚಕ್ಕುಲಿ ಹೆಚ್ಚು. ಅನುಕಂಪದ ಚಕ್ಕುಲಿ ತಿಂದವರಿಗೆ ಗೊತ್ತು, ಅದು ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಈ ಸಲ ಉಂಗುರ ಬೆರಳಿಗೆ ಬೀಳುವವರೆಗೂ ಮಾತು ಹೊರಗೆ ಬೀಳಬಾರದೆಂದು ತೀರ್ಮಾನಿಸಿದ್ದೆ.

ಉಂಗುರದ ಫೋಟೋ ಎಂದರೆ ಮುಖದ ಫೋಟೋ ಅಲ್ಲ, ಬೆರಳಿನ ಫೋಟೋ. ಹಾಗಾಗಿ ಗುರುವಾರ ಪಾಠ ಮುಗಿಸಿ, ಕೃತಕ ಉಗುರು ಹಾಕಿಸಿಕೊಳ್ಳಲು ನ್ಯಾಮತಿಯ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲೇ ಪಾರ್ಲರುಗಳಿವೆ, ಆದರೆ ಅಲ್ಲಿ ಯಾವ ಕುರ್ಚಿಯಲ್ಲಿ ಕೂತರೂ ಪಕ್ಕದ ಕುರ್ಚಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಹುಬ್ಬು ತಿದ್ದಿಸಿಕೊಳ್ಳುತ್ತಿರುತ್ತಾಳೆ. ನ್ಯಾಮತಿಯಲ್ಲಿ ನಸ್ರೀನಕ್ಕನ ಪಾರ್ಲರ್ ಅವರ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಒಳಬಾಗಿಲ ಹತ್ತಿರ ಅವರ ತಾಯಿ, ಎಲ್ಲರೂ ಅಮ್ಮಿ ಎಂದು ಕರೆಯುವ ಅಜ್ಜಿ, ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತ ಕೂತಿರುತ್ತಾರೆ.

"ಏನು ಫಂಕ್ಷನ್ನು ಮೇಡಂ?" ಎಂದರು ನಸ್ರೀನಕ್ಕ.

"ಚಿಕ್ಕಪ್ಪನ ಮನೆಯ ಗೃಹಪ್ರವೇಶ" ಎಂದೆ. ಗೃಹಪ್ರವೇಶಕ್ಕೆ ಹತ್ತು ಉಗುರು ಯಾಕೆ ಬೇಕೆಂದು ಅವರು ಕೇಳಲಿಲ್ಲ, ವ್ಯಾಪಾರಸ್ಥರು. ನನ್ನ ಬೆರಳುಗಳನ್ನು ಮಾತ್ರ ಒಂದು ಕ್ಷಣ ನೋಡಿ, "ಇಲಿ ಕಡಿದಂಗೆ ಐತಲ್ರೀ" ಎಂದರು. ಆಮೇಲೆ ಉಗುರಿನ ತುದಿಯ ಕಡೆಗಿದ್ದ ಕಂದುಹಳದಿ ಬಣ್ಣ ತೋರಿಸಿ, "ಇದೇನ್ರೀ ಇದು?" ಎಂದರು.

"ಅದು ಅಯೋಡಿನ್ ಕಲೆ. ಲ್ಯಾಬಿನದು" ಎಂದೆ, ತಜ್ಞಳ ಗತ್ತಿನಲ್ಲಿ.

ಬಣ್ಣ ಬೇಡ, ಗಾಜಿನಂತೆ ಪಾರದರ್ಶಕವಾಗಿರಲಿ, ಉದ್ದವೂ ಜಾಸ್ತಿ ಬೇಡ, ಇದ್ದೂ ಇಲ್ಲದಂತಿರಲಿ ಎಂದು ಹೇಳಿದ್ದೆ. ಶುಕ್ರವಾರ ಕಾಲೇಜಿಗೆ ಹೋಗಬೇಕಿತ್ತಲ್ಲ. ಅವರು ಮೊದಲು ಒಂದು ಬೆರಳಿಗೆ ಹಾಗೆಯೇ ಅಂಟಿಸಿ, ಮೇಲೆ ಜೆಲ್ ಹಚ್ಚಿ, ಬೆರಳನ್ನು ನೀಲಿ ದೀಪದ ಪೆಟ್ಟಿಗೆಯೊಳಗೆ ಇಡಿಸಿದರು. ಹೊರಗೆ ತೆಗೆದಾಗ ಉಗುರೇನೋ ಚಂದವಾಗಿಯೇ ಇತ್ತು. ಆದರೆ ಅದರ ಕೆಳಗೆ, ನಟ್ಟನಡುವೆ, ಈ ಅಂಚಿನಿಂದ ಆ ಅಂಚಿನವರೆಗೆ ಸ್ಕೇಲು ಇಟ್ಟು ಎಳೆದಂತೆ ಒಂದು ಗೆರೆ. ಜೆಲ್ಲು ಭೂತಗನ್ನಡಿಯ ಹಾಗೆ ಅದನ್ನು ಎತ್ತಿ ತೋರಿಸುತ್ತಿತ್ತು.

"ಗಾಳಿ ಕೂತ್ಕಂಡೈತೆ" ಎಂದು ನಸ್ರೀನಕ್ಕ ಅದನ್ನು ಅಸಿಟೋನಿನಲ್ಲಿ ನೆನೆಸಿ ತೆಗೆದು, ಒತ್ತಿ ಹಿಡಿದು ಮತ್ತೆ ಅಂಟಿಸಿದರು. ಗೆರೆ ಹಾಗೇ ಇತ್ತು. "ಅಂಟು ಹಳೇದಾಗೈತೆ" ಎಂದು ಹೊಸ ಟ್ಯೂಬು ಒಡೆದರು. ಗೆರೆ ಹಾಗೇ ಇತ್ತು.

ಇಲ್ಲಿಗೆ ನನ್ನೊಳಗಿನ ಉಪನ್ಯಾಸಕಿ ಎದ್ದು ಕೂತಳು. "ಹೀಗೆ ಮನಸ್ಸಿಗೆ ಬಂದಂತೆ ಮಾಡಿದರೆ ಕಾರಣ ಸಿಗುವುದಿಲ್ಲ ಅಕ್ಕ. ಒಂದು ಬೆರಳಿಗೆ ಒಂದೇ ಬದಲಾವಣೆ ಮಾಡೋಣ" ಎಂದು ಚೀಲದಿಂದ ನೋಟ್ ಪುಸ್ತಕ ತೆಗೆದು ಕೋಷ್ಟಕ ಹಾಕಿದೆ. ಹೆಬ್ಬೆರಳಿಗೆ ಹೊಸ ಅಂಟು. ತೋರುಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು. ನಡುಬೆರಳಿಗೆ ದೀಪ ಎರಡರಷ್ಟು ಹೊತ್ತು. ಉಂಗುರದ ಬೆರಳಿಗೆ ಬೇರೆ ಕಂಪನಿಯ ಜೆಲ್. ಕಿರುಬೆರಳಿಗೆ ಏನೂ ಬದಲಾಯಿಸದೆ ಹೋಲಿಕೆಗೆಂದು ಬಿಡುವುದು. ನಸ್ರೀನಕ್ಕ ಪಾಪ, ಗಿರಾಕಿಯ ಹುಚ್ಚು ಎಂದು ಸಹಿಸಿಕೊಂಡು ಹೇಳಿದ್ದೆಲ್ಲ ಮಾಡಿದರು. ಒಂದೂವರೆ ತಾಸಿನ ನಂತರ ನನ್ನ ಕೋಷ್ಟಕದ ಐದೂ ಸಾಲುಗಳಲ್ಲಿ "ಗೆರೆ ಇದೆ" ಎಂದು ಬರೆದಾಗಿತ್ತು. ಅಂಟು ಬದಲಾಗಿತ್ತು, ದೀಪ ಬದಲಾಗಿತ್ತು, ಜೆಲ್ ಬದಲಾಗಿತ್ತು. ಯಾವ ಪ್ರಯೋಗದಲ್ಲೂ ಬದಲಾಗದೆ ಉಳಿದ ವಸ್ತು ಒಂದೇ, ನನ್ನ ಉಗುರು. ಅದನ್ನು ಅನುಮಾನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಏಯ್ ನಸ್ರೀನ್, ಆ ಹುಡುಗಿ ಕೈ ಇಲ್ಲಿ ತೋರ್ಸು" ಎಂದರು ಅಮ್ಮಿ, ಮೊರ ಪಕ್ಕಕ್ಕಿಟ್ಟು. ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ ನಕ್ಕೇ ಬಿಟ್ಟರು. "ಇದು ಗೋರಂಟಿ ಅಲ್ಲೇನವ್ವಾ! ಕೆಳಗಿನಿಂದ ಹೊಸ ಉಗುರು ಬೆಳ್ಳಗೆ ಬಂದೈತೆ, ಮ್ಯಾಲಿಂದು ಹಚ್ಚಿದ್ದು ಹಂಗೇ ಐತೆ. ಎರಡೂ ಕೂಡೋ ಜಾಗ ಗೆರೆ ಆಗೈತೆ. ಇಬ್ರೂ ಅಂಟು ಬೈಕೋತಾ ಕುಂತೀರಲ್ಲ!"

"ಅಮ್ಮಿ, ಅದು ಅಯೋಡಿನ್ ಅಂತೆ. ಮೇಡಂ ಹೇಳಿದ್ರು" ಎಂದರು ನಸ್ರೀನಕ್ಕ.

"ಯಾವ ಡೀನೂ ಅಲ್ಲ. ಉಗುರು ತಿಂಗಳಿಗೆ ಒಂದು ಸಣ್ಣ ಜೋಳದ ಕಾಳಷ್ಟು ಬೆಳಿತೈತೆ. ಇಲ್ಲಿ ಎರಡು ಕಾಳಷ್ಟು ಬೆಳ್ಳಗೈತೆ. ಎರಡು ತಿಂಗಳ ಹಿಂದೆ, ಹತ್ತೂ ಬೆರಳಿಗೆ, ಒಂದೇ ದಿನ ಹಚ್ಚ್ಯಾರೆ." ಅಮ್ಮಿ ನನ್ನ ಮುಖ ನೋಡಿದರು. "ಸುಮ್ಮಸುಮ್ಮನೆ ಯಾರು ಹಚ್ತಾರೆ? ಹೂ ಮುಡಿಸಿದ್ರೇನು ಬೇಟಾ?"

ಹತ್ತು ಉಗುರಿನಲ್ಲಿ ದಿನಾಂಕ ಬರೆದುಕೊಂಡು ಓಡಾಡುತ್ತಿದ್ದೆ ಎಂದು ನನಗೆ ಆಗಲೇ ತಿಳಿದದ್ದು. ಹೌದು, ಹೂ ಮುಡಿಸುವ ಹಿಂದಿನ ದಿನ ಅಜ್ಜಿ ನನ್ನನ್ನು ಹಿಡಿದು ಕೂರಿಸಿ ಗೋರಂಟಿ ಸೊಪ್ಪು ಅರೆದು ಹತ್ತೂ ಬೆರಳಿಗೆ ಟೋಪಿ ಹಾಕಿದಂತೆ ಮೆತ್ತಿದ್ದಳು. ಸೋಮವಾರ ಕಾಲೇಜಿಗೆ ಬರುವ ಮುಂಚೆ ನಿಂಬೆಹಣ್ಣು, ಅಡುಗೆ ಸೋಡಾ, ಕೈಗೆ ಸಿಕ್ಕಿದ್ದರಿಂದೆಲ್ಲ ಉಜ್ಜಿದ್ದೆ. ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದಾಗ "ಅಯೋಡಿನ್ ಚೆಲ್ಲಿತು" ಎಂದೆ. ಮರುದಿನ ಇನ್ನೊಬ್ಬರಿಗೆ ಅದನ್ನೇ ಹೇಳಿದೆ. ವಾರದೊಳಗೆ ಅಯೋಡಿನ್ನಿನ ಬಾಟಲಿ ಉರುಳಿದ ಸದ್ದು ಕೂಡ ನನಗೆ ನೆನಪಾಗತೊಡಗಿತ್ತು. ಚರ್ಮದ ಬಣ್ಣ ಹೋಯಿತು, ಉಗುರಿನದು ಮಾಸಿತು, ಸುಳ್ಳು ಮಾತ್ರ ಗಟ್ಟಿಯಾಗಿ ಉಳಿಯಿತು. ನಾನು ಹೇಳಿದ ಸುಳ್ಳನ್ನು ನಂಬಿದವರಲ್ಲಿ ಮೊದಲನೆಯವಳು ನಾನು. ಕೊನೆಯವಳೂ ನಾನೇ ಎಂಬುದು ಇನ್ನೂ ಗೊತ್ತಾಗಬೇಕಿತ್ತು.

"ಉಜ್ಜಿದ್ರೆ ಉಗುರು ಹೋಗತೈತೆ, ಗೋರಂಟಿ ಹೋಗಲ್ಲ" ಎಂದರು ಅಮ್ಮಿ. "ಗೆರೆ ಅಳಿಸಾಕೆ ಹೋಗಬ್ಯಾಡ. ಖಾಲಿ ಇರೋ ಅರ್ಧಕ್ಕೂ ಹಚ್ಚು. ಎರಡೂ ಒಂದೇ ಆದ್ರೆ ಗೆರೆ ಎಲ್ಲಿರತೈತೆ?" ಹಿತ್ತಲ ಗಿಡದಿಂದ ಸೊಪ್ಪು ಕಿತ್ತು ಅರೆದು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಕೊಟ್ಟರು. ಅಂಟಿಸಿದ್ದ ಐದನ್ನೂ ತೆಗೆಸಿ, ಹತ್ತೂ ಉಗುರು ಅಂಟಿಸುವುದನ್ನು ಶುಕ್ರವಾರ ಸಂಜೆಗೆ ಇಟ್ಟುಕೊಂಡೆವು. ಬಾಗಿಲ ತನಕ ಬಂದ ನಸ್ರೀನಕ್ಕ, "ಗೃಹಪ್ರವೇಶ ಚೆನ್ನಾಗಿ ಆಗ್ಲಿ ಮೇಡಂ" ಎಂದು ಬಾಯಿಗೆ ಸೆರಗು ಹಿಡಿದರು.

ಹೊನ್ನಾಳಿಯ ಬಾಡಿಗೆ ಮನೆಗೆ ಬಂದವಳೇ ಹಲ್ಲುಕಡ್ಡಿಯಿಂದ, ಚರ್ಮಕ್ಕೆ ಒಂದು ಚೂರೂ ತಾಗದಂತೆ, ಉಗುರಿನ ಬಿಳಿಯ ಭಾಗವನ್ನಷ್ಟೇ ತುಂಬಿದೆ. ಪ್ರಯೋಗಾಲಯದಲ್ಲಿ ಹನಿಹನಿಯಾಗಿ ಅಳೆದು ಬಿಡುವ ಕೈ ಇದು ಎಂಬ ಹೆಮ್ಮೆ ಇತ್ತು. ಗೋರಂಟಿಗೆ ಅಳತೆ ತಿಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಗೆರೆಯೇನೋ ಮಾಯವಾಗಿತ್ತು, ಆದರೆ ಉಗುರಿನ ಸುತ್ತ ಬೆರಳೆಲ್ಲ ಈಗಷ್ಟೇ ಹಸೆಮಣೆಯಿಂದ ಎದ್ದು ಬಂದವಳಂತೆ ಕೆಂಪಗಾಗಿತ್ತು.

ಹಾಜರಿ ಪುಸ್ತಕದ ಅಡಿಯಲ್ಲಿ ಕೈ ಬಚ್ಚಿಟ್ಟುಕೊಂಡು ಸ್ಟಾಫ್ ರೂಮಿಗೆ ಹೋದೆ. ಇತಿಹಾಸದ ಗಿರಿಜಾ ಮೇಡಂ ಕನ್ನಡಕ ಮೇಲೆತ್ತಿದರು.

"ಬರ್ರೀ ಮೇಡಂ. ಮತ್ತೆ ಅಯೋಡಿನ್ ಚೆಲ್ಲಿತೇನ್ರೀ?"

"ಹ್ಞೂಂ ಮೇಡಂ... ಸ್ವಲ್ಪ."

"ಇವತ್ತು ಇಷ್ಟೇ ಸಾಕು. ಉಳಿದದ್ದು ಭಾನುವಾರ ಚೆಲ್ಲಬೇಕಲ್ಲ."

ಎದುರಿಗಿದ್ದ ನಾಲ್ವರೂ ಒಮ್ಮೆಲೇ ಉತ್ತರ ಪತ್ರಿಕೆಗಳಲ್ಲಿ ಮುಖ ಹುದುಗಿಸಿದರು. ಅವರ ಭುಜಗಳು ಕುಲುಕುತ್ತಿದ್ದವು.

"ನಿಮಗೆ ಹೆಂಗೆ..." ಎಂದು ನನ್ನ ಬಾಯಿಂದಲೂ ಊರ ಮಾತೇ ಬಂತು.

"ಶನಿವಾರ, ಸೋಮವಾರ ರಜಾ ಬರೆದುಕೊಟ್ಟೀರಿ. ನಡುವೆ ಭಾನುವಾರ ಏನೋ ಐತೆ ಅಂತ ಅಷ್ಟೂ ತಿಳಿಯಲ್ಲೇನ್ರೀ? ಅಯೋಡಿನ್ ಕಲೆ ನಾಲ್ಕು ದಿನಕ್ಕೆ ಹೋಗತೈತಂತೆ. ನಾನು ಇತಿಹಾಸ ಓದಿದಾಕಿ, ನನಗೇನು ಗೊತ್ತು. ನಿಮ್ಮ ಫಸ್ಟ್ ಇಯರ್ ಹುಡುಗೀರೇ ಹೇಳಿದ್ರು. ನೀವೇ ಪಾಠ ಮಾಡಿದ್ದಂತಲ್ಲ."

ಎರಡು ತಿಂಗಳಿಂದ ಗೊತ್ತಿದ್ದರೂ ಯಾಕೆ ಕೇಳಲಿಲ್ಲ ಎಂದೆ. ಗಿರಿಜಾ ಮೇಡಂ ದನಿ ತಗ್ಗಿಸಿದರು. "ಹೋದ ಸಲ ಕೇಳಿ ಕೇಳಿನೇ ನಿಮ್ಮ ಮುಖ ಸಣ್ಣ ಮಾಡಿದ್ವಿ. ಈ ಸಲ ಉಂಗುರ ಬೀಳೋ ತನಕ ಯಾರೂ ಬಾಯಿ ಬಿಡಬಾರ್ದು ಅಂತ ಮಾತಾಡಿಕೊಂಡಿದ್ವಿ. ಇವತ್ತು ನೀವು ಹಂಗೆ ಕೈ ಮುಚ್ಚಿಕೊಂಡು ಬಂದಿದ್ದು ನೋಡಿ ತಡಿಯಾಕೆ ಆಗ್ಲಿಲ್ಲ. ನಿಮ್ಮ ಬೆರಳು ಬಾಯಿಗೆ ಹೋದಾಗೆಲ್ಲ ನಮಗೆ ಜೀವ ಹೋಗ್ತಿತ್ತು ಕಣ್ರೀ, ಫೋಟೋದಾಗ ಹೆಂಗಪ್ಪಾ ಕಾಣತೈತೆ ಅಂತ."

ಅದುವರೆಗೆ ಗುಟ್ಟು ಕಾಪಾಡುತ್ತಿರುವವಳು ನಾನು ಎಂದುಕೊಂಡಿದ್ದೆ. ಐದು ಜನ ನನ್ನಿಂದಲೇ ನನ್ನ ಗುಟ್ಟನ್ನು ಕಾಪಾಡುತ್ತಿದ್ದರು. ಗಿರಿಜಾ ಮೇಡಂ ಡಬ್ಬಿ ಮುಂದೆ ತಳ್ಳಿದರು. ಎರಡು ಚಕ್ಕುಲಿ ಹೆಚ್ಚಿಗೆ ತಿಂದೆ. ಸಲೀಸಾಗಿ ಇಳಿದವು.

ಭಾನುವಾರದ ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಫೋಟೋ ಬಂದ ಮೇಲೆ ದೊಡ್ಡದು ಮಾಡಿ ನೋಡಿದೆ: ಉಗುರಿನ ಕೆಳಗೆ ಗೆರೆಯ ಸುಳಿವಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಒಂದು ವಿಷಯವನ್ನು ಮಾತ್ರ ಇಲ್ಲಿ ನಿಖರವಾಗಿ ದಾಖಲಿಸಬೇಕು. ಜಗಳೂರಿನಿಂದ ಅವರ ಗಾಡಿ ಬರುವುದು ಮುಕ್ಕಾಲು ಗಂಟೆ ತಡವಾಯಿತು. ಅಷ್ಟು ಹೊತ್ತು ಒಳಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದೆ. ಜೆಲ್ಲಿಗೆ ಬೇವಿನ ರುಚಿ ಇಲ್ಲವೆಂದೂ, ಕೃತಕ ಉಗುರು ನಿಜವಾದ ಉಗುರಿಗಿಂತ ಗಟ್ಟಿಯೆಂದೂ ಆಗ ತಿಳಿಯಿತು. ಫೋಟೋದಲ್ಲಿ ಒಂಬತ್ತು ಉಗುರು ಉದ್ದವಾಗಿವೆ, ಎಡಗೈ ಹೆಬ್ಬೆರಳಿನದು ಗಿಡ್ಡ. ಯಾರೂ ನೋಡಿಲ್ಲ.