ಬೋರಲು ಬಿದ್ದ ಟರ್ಕಿ ಕೋಳಿ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಅಯೊವಾದ ಬೋಳು ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಬೆಳಗಿನ ಐದು ಗಂಟೆಗೆ, ಆರ್ವಿಲ್ ಫ್ರಿಜ್ಜಿನಿಂದ ಟರ್ಕಿ ಕೋಳಿಯನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಠಣ್ ಎಂದಿತು.

ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಕೋಳಿ ಸುಡುತ್ತಿದ್ದವಳು ಅವನ ಅತ್ತೆ ಮರ್ಟಲ್. ಹತ್ತು ದಿನ ಮೊದಲೇ ಬಂದಿಳಿದು, ಅಡುಗೆಮನೆಯಿಂದ ಹಿಡಿದು ಅಳಿಯನ ಕಾಲುಚೀಲದವರೆಗೆ ಎಲ್ಲವನ್ನೂ ತಿದ್ದುತ್ತಿದ್ದಳು. ಈ ಸಲ ಆರ್ವಿಲ್ ಧೈರ್ಯ ಮಾಡಿ, "ಕೋಳಿ ನಾನೇ ಸುಡ್ತೀನಿ ಅತ್ತೆ" ಎಂದುಬಿಟ್ಟಿದ್ದ.

"ಸುಡಪ್ಪಾ. ಬಾಯಿಗಿಡೋ ಹಾಗಿದ್ರೆ ಈ ಅಡುಗೆಮನೆ ನಿಂದು, ನಾನು ಇನ್ನು ಕೈ ಹಾಕಲ್ಲ. ಕೆಟ್ಟರೆ ಮಾತ್ರ ಮುಂದಿನ ವರ್ಷ ಒಂದು ತಿಂಗಳು ಮೊದಲೇ ಬರ್ತೀನಿ."

ಕಲ್ಲಾಗಿದ್ದ ಕೋಳಿಯನ್ನು ಆರ್ವಿಲ್ ಸ್ನಾನದ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಸೂಲಗಿತ್ತಿಯಂತೆ ಕಾದು ಕೂತ. ಎಂಟಕ್ಕೆ ಪಕ್ಕದ ಮನೆಯ ಕ್ಲೆಮ್ ಇಣುಕಿದ.

"ಏನಯ್ಯಾ, ಈಜು ಕಲಿಸ್ತಿದ್ದೀಯಾ?"

"ಹೊಟ್ಟೆಯೊಳಗೆ ಇನ್ನೂ ಮಂಜು ಮಾರಾಯ, ಕೈಯೇ ಹೋಗ್ತಿಲ್ಲ!"

"ಬಿಡು, ಓವನ್ನಿನಲ್ಲಿ ಕರಗುತ್ತೆ. ಬೆಣ್ಣೆ ಮಾತ್ರ ಧಾರಾಳ ಹಚ್ಚು."

ಆರ್ವಿಲ್ ಹಚ್ಚಿದ. ಕೋಳಿಗಿಂತ ಹೆಚ್ಚು ಬೆಣ್ಣೆ ಅವನ ಮೊಣಕೈಗೆ ಹತ್ತಿತು. ಆಮೇಲೆ, ಕೋಳಿ ಅಂಗಳದಲ್ಲಿ ಹೇಗೆ ಕೂರುತ್ತದೋ ಹಾಗೆಯೇ, ಎದೆ ಕೆಳಗೆ ಬೆನ್ನು ಮೇಲೆ ಮಾಡಿ ತಟ್ಟೆಯಲ್ಲಿ ಕೂರಿಸಿ ಓವನ್ನಿಗೆ ತಳ್ಳಿದ.

ಎರಡು ಗಂಟೆಗೆ ಕೋಳಿ ಮೇಜಿಗೆ ಬಂತು. ಹೆಂಡತಿ ಲವಾನ್ ಬಾಯಿಗೆ ಕೈ ಅಡ್ಡ ಹಿಡಿದಳು. "ರೀ, ಬೋರಲು ಹಾಕಿದ್ದೀರಲ್ರೀ, ಎದೆ ಮೇಲಿರಬೇಕಿತ್ತು!"

"ಪಾಪ, ಮುಖ ತೋರಿಸೋಕೆ ನಾಚಿಕೆ ಅದಕ್ಕೆ" ಎಂದ ಊಟಕ್ಕೆ ಬಂದಿದ್ದ ಕ್ಲೆಮ್.

ಮರ್ಟಲ್ ಕೋಳಿಯ ಹೊಟ್ಟೆಯೊಳಗೆ ಚಿಮಟ ಹಾಕಿದಳು. ಅಂಗಡಿಯವರು ಈಲಿ, ಗುಂಡಿಗೆ ಸುತ್ತಿ ಒಳಗಿಟ್ಟಿದ್ದ, ಸುಡುವ ಮೊದಲೇ ತೆಗೆಯಬೇಕಿದ್ದ ಕಾಗದದ ಚೀಲ ಹಾಗೇ ಬೆಂದು ಹೊರಬಂತು. ಆರ್ವಿಲ್ ಕಣ್ಣು ಮುಚ್ಚಿಕೊಂಡ. ಮುಂದಿನ ವರ್ಷದ ಅಕ್ಟೋಬರ್ ಕಣ್ಣೆದುರು ಬಂದು ನಿಂತಿತು.

ಅವಳು ಎದೆಯ ಮಾಂಸದ ಒಂದು ಚೂರು ಬಾಯಿಗಿಟ್ಟಳು. ಇನ್ನೊಂದು. ಮತ್ತೊಂದು.

"ಬೆನ್ನಿನ ಕೊಬ್ಬೆಲ್ಲ ಎದೆಗಿಳಿದಿದೆ ಕಣ್ರೇ! ಬೆಣ್ಣೆ ಹಾಗಿದೆ. ಐವತ್ತು ವರ್ಷ ನಾನು ಸುಟ್ಟಿದ್ದು ಬರೀ ಒಣಕಟ್ಟಿಗೆ."

ತನ್ನ ಏಪ್ರನ್ ಬಿಚ್ಚಿ ಅಳಿಯನ ಕೊರಳಿಗೆ ತೊಡಿಸಿದಳು. ಕ್ಲೆಮ್ ತಟ್ಟೆ ಬಡಿದ. ಆರ್ವಿಲ್ ಕುಸ್ತಿ ಗೆದ್ದವನಂತೆ ಎರಡೂ ಕೈ ಎತ್ತಿದ.

"ಹಾಗಾದ್ರೆ ನಾಳೆ ಬಸ್ಸು ಎಷ್ಟು ಹೊತ್ತಿಗೆ ಅತ್ತೆ?"

"ಯಾವ ಬಸ್ಸು? ಹಬ್ಬದ ಊಟ ನೆಮ್ಮದಿಯಾಗಿ ಕೂತು ಬಿಸಿಬಿಸಿ ತಿಂದಿದ್ದು ಇವತ್ತೇ. ಕ್ರಿಸ್‌ಮಸ್ಸಿಗೂ ನೀನೇ ಸುಡು. ಅಲ್ಲೀವರೆಗೂ ಇಲ್ಲೇ ಇರ್ತೀನಿ."

"ನಿಮ್ಮ ಮನೇಲಿ ಮೊಟ್ಟೆಕೋಳಿಗಳಿವೆಯಲ್ಲ, ಅಲ್ಲೀವರೆಗೂ ಕಾಳು ಹಾಕೋರು ಯಾರು?" ಎಂದ ಆರ್ವಿಲ್.

"ನಾನಿದ್ದೀನಲ್ಲ!" ಎಂದಳು ಲವಾನ್, ಅಷ್ಟರಲ್ಲೇ ಎದ್ದು ನಿಂತು.

ಶುಕ್ರವಾರ ಬೆಳಿಗ್ಗೆ ಏಳರ ಬಸ್ಸಿಗೆ, ಒಂದೇ ಪೆಟ್ಟಿಗೆ ಹಿಡಿದು, ಲವಾನ್ ಅಮ್ಮನ ಮನೆಗೆ ಹೊರಟುಹೋದಳು.