ಗೊಂಬೆಮನೆಯಲ್ಲೊಂದು ಎಲೆಕ್ಟ್ರಾನ್

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನ ಮನೆಯ ದಸರಾ ಗೊಂಬೆಗಳಿಗೂ ಸ್ವಲ್ಪ ವಿಜ್ಞಾನ ಗೊತ್ತಿರಬೇಕೆಂಬುದು ನನ್ನ ವಾದ. ತೊಂಬತ್ತರ ದಶಕದಲ್ಲಿ ನಮ್ಮ ಬಸವನಗುಡಿಯ ಬೀದಿಯ ಹೆಂಗಸರು ಗೊಂಬೆ ಸ್ಪರ್ಧೆ ಇಡುತ್ತಿದ್ದರು. ಪ್ರತಿ ವರ್ಷ ಎರಡನೇ ಬಹುಮಾನಕ್ಕೇ ನಿಲ್ಲುತ್ತಿದ್ದ ನನ್ನ ಹೆಂಡತಿ ವಿಮಲ ಆ ಸಲ ಮೊದಲನೆಯದನ್ನು ಬಿಡುವುದಿಲ್ಲವೆಂದು ಹಟ ಹಿಡಿದಿದ್ದಳು. ಸಹಾಯ ಮಾಡುವುದು ಪತಿಧರ್ಮವಲ್ಲವೇ?

ಮಧ್ಯದ ಮೆಟ್ಟಿಲಿನಲ್ಲಿ, ಶೆಟ್ಟಿ-ಶೆಟ್ಟಮ್ಮ ಗೊಂಬೆಗಳ ದಿನಸಿ ಅಂಗಡಿಯ ಪಕ್ಕ, ನಾನೊಂದು ಪರಮಾಣುವನ್ನು ಪ್ರತಿಷ್ಠಾಪಿಸಿದೆ. ಬೇಸನ್ ಲಾಡು ಪ್ರೋಟಾನ್, ರವೆ ಉಂಡೆ ನ್ಯೂಟ್ರಾನ್. ರಾಶಿ ಹಾಕಿದರೆ ನ್ಯೂಕ್ಲಿಯಸ್. ಸುತ್ತ ಎಲೆಕ್ಟ್ರಾನ್ ಮಣಿಗಳು. ಒಂದು ಮಣಿಗೆ ದಾರ ಕಟ್ಟಿ, ತುದಿಯನ್ನು ಹಿಂದಿನಿಂದ ನನ್ನ ಕೈಗೆ ತಂದುಕೊಂಡೆ. ಎಳೆದರೆ ಮಣಿ ರಾಶಿಯೊಳಗೆ ಸೇರಬೇಕು.

"ಬೇಡ ಕಣ್ರೀ," ಎಂದಳು ವಿಮಲ. "ಆ ಶೆಟ್ಟಿ ನಮ್ಮಜ್ಜಿ ಕಾಲದ್ದು. ಮಣ್ಣಿನ ಗೊಂಬೆ."

"ನಿನ್ನ ಶೆಟ್ಟಿ ತಂಟೆಗೆ ನಾನ್ಯಾಕೆ ಹೋಗ್ಲಿ?"

ಸಂಜೆ ತೀರ್ಪು ಕೊಡಲು ಪದ್ಮಾವತಮ್ಮನವರು ಬಂದು ಜಮಖಾನದ ಮೇಲೆ ಕೂತರು. ನಾನು ಗಂಟಲು ಸರಿಮಾಡಿಕೊಂಡೆ. "ನೋಡಿ, ಕೆಲವು ಪರಮಾಣುಗಳಲ್ಲಿ ನ್ಯೂಕ್ಲಿಯಸ್ಸೇ ಒಂದು ಎಲೆಕ್ಟ್ರಾನ್ ನುಂಗಿಬಿಡುತ್ತೆ. ಆಗ ಒಂದು ಪ್ರೋಟಾನ್ ಹೋಗಿ ನ್ಯೂಟ್ರಾನ್ ಆಗುತ್ತೆ, ಪೊಟ್ಯಾಸಿಯಂ ಹೋಗಿ ಆರ್ಗಾನ್ ಆಗುತ್ತೆ. ಒಂದು ನ್ಯೂಟ್ರಿನೋ ಹೊರಗೆ ಹೋಗುತ್ತೆ."

"ಅದ್ರಿಂದ ಏನುಪಯೋಗ?"

"ಕಲ್ಲಲ್ಲಿ ಎಷ್ಟು ಆರ್ಗಾನ್ ಸೇರಿದೆ ಅಂತ ಅಳೆದು ಕಲ್ಲಿನ ವಯಸ್ಸು ಹೇಳ್ತಾರೆ."

"ಕಲ್ಲಿನ ವಯಸ್ಸು ಕಟ್ಕೊಂಡು ನಮಗೇನಾಗ್ಬೇಕು?" ಎನ್ನುತ್ತ ಅವರು ಪ್ರಸಾದವೆಂದು ಒಂದು ಪ್ರೋಟಾನನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ಪ್ರೋಟಾನ್ ಕಡಿಮೆಯಾಗಬೇಕಾದದ್ದು ಹೀಗಲ್ಲ! ನನಗೆ ರೇಗಿಹೋಯಿತು. ದಾರ ಎಳೆದೆ. ಮಣಿ ಜಗ್ಗಲಿಲ್ಲ. ತುಪ್ಪಕ್ಕೆ ಅಂಟಿರಬೇಕೆಂದು ಬಲವಾಗಿ ಎಳೆದೆ.

ದಾರ ಶೆಟ್ಟಿಯ ಕಾಲಿಗೆ ಸುತ್ತಿಕೊಂಡಿತ್ತು. ಶೆಟ್ಟಿ ಅಂಗಡಿ ಸಮೇತ ಉರುಳಿದ. ಅಕ್ಕಿ ಬೇಳೆಯಿಂದ ಪದ್ಮಾವತಮ್ಮನವರ ಮಡಿಲು ತುಂಬಿತು. ಶೆಟ್ಟಿಯ ತಲೆ ಮಂಚದ ಕೆಳಗೆ ಸೇರಿತು. ಎಲೆಕ್ಟ್ರಾನ್ ಮಾತ್ರ ಇದ್ದಲ್ಲೇ ಇತ್ತು.

ಮೊದಲ ಬಹುಮಾನ ಎದುರು ಮನೆಗೆ ಹೋಯಿತು. ನಮಗೆ ಎರಡನೆಯದೂ ಇಲ್ಲ. ಶೆಟ್ಟಿಗೆ ತಲೆ ಅಂಟಿಸುತ್ತಿದ್ದ ವಿಮಲ ಶಾಂತವಾಗಿ ಕೇಳಿದಳು: "ಹೊರಗೆ ಹೋಗುತ್ತಲ್ಲ ಆ ನ್ಯೂಟ್ರಿನೋ, ಅದು ಹೇಗಿರುತ್ತೆ?"

ಕೊನೆಗೂ ಒಬ್ಬರಿಗೆ ಆಸಕ್ತಿ ಬಂತಲ್ಲ ಎಂದು ಹಿಗ್ಗಿದೆ. "ಸದ್ದಿಲ್ದೆ ಹೊರಟ್ಹೋಗುತ್ತೆ. ಯಾರ ಕಣ್ಣಿಗೂ ಬೀಳಲ್ಲ. ಹೆಚ್ಚೂಕಡಿಮೆ ಏನನ್ನೂ ಮುಟ್ಟಲ್ಲ."

"ನೀವೂ ಹಾಗೇ ಹೋಗಿ," ಎಂದಳು.

ಹೋದೆ. ಪಾರ್ಕಿನಲ್ಲಿ ಒಂದು ಬಂಡೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಅದರ ವಯಸ್ಸನ್ನು ಯಾರೂ ಕೇಳಲಿಲ್ಲ.