ಇಟಲಿಯ ಮುದ್ದೆ, ಚಾಮರಾಜಪೇಟೆಯ ಸಾರು

ಹೊಟ್ಟೆ ಹಸಿದ ಮೂವತ್ತು ಜನ ಎಲ್ಲಿಗೇ ಹೋಗಲಿ, ಅಲ್ಲೊಂದು ತಮಾಷೆ ಆಗದೆ ಇರುವುದಿಲ್ಲ. ನಾನು ಚಾಮರಾಜಪೇಟೆಯ ಅಡುಗೆಯವನು. ಮದುವೆ, ಗೃಹಪ್ರವೇಶ ಅಂತ ಊರೊಳಗೇ ಸೌಟು ಹಿಡಿದಿದ್ದವನನ್ನು ಪ್ರವಾಸ ಕಂಪನಿಯೊಂದು ಇಟಲಿಗೆ ಹೊರಡಿಸಿತು. ನಮ್ಮವರಿಗೆ ಪರದೇಶದಲ್ಲೂ ಅನ್ನ ಸಾರು ಬೇಕಲ್ಲ, ಅದಕ್ಕೇ ಬಸ್ಸಿನಲ್ಲಿ ಅಡುಗೆಯವನಿಗೂ ಒಂದು ಸೀಟು.

ಹೊರಡುವಾಗ, ಜೊತೆಗೆ ಬರಲಿದ್ದ ಕಂಪನಿಯ ಮ್ಯಾನೇಜರು ಎಚ್ಚರಿಸಿದ್ದರು. "ಭಟ್ರೇ, ಅಡುಗೆ ಉಳೀತು ಅಂದ್ರೆ ಜನಕ್ಕೆ ಅಲ್ಲಿನ ಊಟವೇ ಸಾಕು ಅಂತ ಅರ್ಥ. ಮುಂದಿನ ಸಲ ಅಡುಗೆಯವರು ಬೇಡ ಅಂತ ಓನರ್‌ಗೆ ಹೇಳ್ಬಿಡ್ತೀನಿ."

ಐವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದ್ದೆ. ಇನ್ನೂ ನಾಲ್ಕು ದೇಶ ನೋಡುವ ಆಸೆ ಹುಟ್ಟಿಬಿಟ್ಟಿತ್ತು. ಹಾಗಾಗಿ ನನ್ನ ಕಣ್ಣೆಲ್ಲ ಪಾತ್ರೆಯ ತಳದ ಮೇಲೆ.

ಟೊಮೇಟೊ

ರೋಮಿನ ಹೋಟೆಲಿನವರು ಅಡುಗೆಮನೆಯ ಒಂದು ಮೂಲೆ ಬಿಟ್ಟುಕೊಟ್ಟರು. ಮಾರ್ಕೆಟ್ಟಿನಿಂದ ಟೊಮೇಟೊ ತಂದು ಹೆಚ್ಚಿದೆ. ಮೂವತ್ತು ವರ್ಷದಲ್ಲಿ ಗಾಡಿಗಟ್ಟಲೆ ಹೆಚ್ಚಿದ್ದೇನೆ, ಆದರೆ ಕೈ ನಿಲ್ಲಿಸಿ ಮೂಸಿ ನೋಡಿದ್ದು ಅವತ್ತೇ. ಒಂದು ಹೋಳು ಬಾಯಿಗೆ ಹಾಕಿಕೊಂಡೆ, ಇನ್ನೊಂದು ಹಾಕಿಕೊಂಡೆ. ದೇವರೇ, ಹಣ್ಣು ಅಂದರೆ ಇದು ಎಂದು ಕಣ್ಣು ಮುಚ್ಚಿ ನಿಂತುಬಿಟ್ಟೆ. ಆ ಧ್ಯಾನದಲ್ಲಿ ಸಾರಿಗೆ ಹುಣಸೆಹಣ್ಣು ಹಾಕುವುದೇ ಮರೆತುಹೋಯಿತು.

ಬಸವನಗುಡಿಯ ನಿವೃತ್ತ ಮೇಷ್ಟರೊಬ್ಬರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

"ಹುಣಸೆಹಣ್ಣು ಹಾಕಿಲ್ಲ ಅಲ್ವಾ ಭಟ್ರೇ?"

"ಹೌದು ಸಾರ್, ಮರ್ತುಬಿಟ್ಟೆ."

"ನಾಳೇನೂ ಮರೀರಿ," ಎಂದು ಲೋಟ ಮುಂದೆ ಚಾಚಿದರು.

ಹೂವು

ಮಲ್ಲೇಶ್ವರದ ಅಮ್ಮನವರೊಬ್ಬರು ವಿಮಾನದಲ್ಲೇ ಸಾರಿದ್ದರು, "ನಾನು ಹೊರಗಿನದು ಏನೂ ಮುಟ್ಟಲ್ಲ." ನನಗೆ ಅವರೇ ಧೈರ್ಯ. ಮೂರನೇ ದಿನ ಅವರೇ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಚರ್ಚಿನ ಹಿಂದೆ ಕಲ್ಲುಕಟ್ಟೆಯ ಮೇಲೆ ಕೂತು ಕಾಗದದ ಪೊಟ್ಟಣದಿಂದ ಏನೋ ಮೆಲ್ಲುತ್ತಿದ್ದರು. ನನ್ನನ್ನು ಕಂಡು ಸೆರಗಿನಲ್ಲಿ ಮುಚ್ಚಿಕೊಂಡರು, ಎಣ್ಣೆ ಸೆರಗಿಗೆ ಇಳಿಯಿತು. ಇನ್ನು ಮುಚ್ಚಿ ಫಲವಿಲ್ಲವೆಂದು ನನಗೂ ಒಂದು ಕೊಟ್ಟರು.

ಹಿಟ್ಟಿನಲ್ಲಿ ಅದ್ದಿ ಕರಿದ ಕುಂಬಳದ ಹೂವು. ಮೇಲೆ ಗರಿಗರಿ, ಒಳಗೆ ಎಳೆ ಹೂವಿನ ಸಣ್ಣ ಸಿಹಿ. ಇಷ್ಟು ನಾಜೂಕಾಗಿ ನನ್ನ ಕೈ ಎಂದೂ ಕರಿದಿಲ್ಲ, ಒಪ್ಪಿಕೊಳ್ಳುತ್ತೇನೆ.

"ಹೊರಗಿನದು ಮುಟ್ಟಲ್ಲ ಅಂದಿದ್ರಿ ಅಮ್ಮಾ?"

"ಹೊರಗಿನದು ಯಾವುದ್ರೀ? ಬಜ್ಜಿ ಇದು. ಪಾಪ, ಇವರಿಗೆ ಹೆಸರು ಗೊತ್ತಿಲ್ಲ ಅಷ್ಟೇ."

ಕೋಲು

ಕೊನೆಯ ದಿನ ಉತ್ತರದ ಬೆಟ್ಟದೂರೊಂದರಲ್ಲಿ ಊಟ. ಹೋಟೆಲಿನ ಒಡತಿ ಒಬ್ಬ ಅಜ್ಜಿ. ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮುಸುಕಿನ ಜೋಳದ ಹಳದಿ ಹಿಟ್ಟು ಸುರಿದು, ಉದ್ದನೆ ಮರದ ಕೋಲಿನಿಂದ ತಿರುವತೊಡಗಿದರು. ಮುಕ್ಕಾಲು ಗಂಟೆ ಕೈ ನಿಲ್ಲಲಿಲ್ಲ. ಆಮೇಲೆ ಹಲಗೆಯ ಮೇಲೆ ಮಗುಚಿ, ದಾರ ಹಿಡಿದು ಕೊಯ್ದರು. ಒಂದು ಚೂರೂ ಉದುರಲಿಲ್ಲ. ನನಗೆ ಕಾಲಿಗೆ ಬೀಳಬೇಕೆನ್ನಿಸಿತು.

ನಾನು ಮಾಡಿ ತಂದಿದ್ದ ಸಾರಿನ ಪಾತ್ರೆ ಮಾತ್ರ ಮೂಲೆಯಲ್ಲಿ ಅನಾಥವಾಗಿತ್ತು. ಎಲ್ಲರೂ ಅಜ್ಜಿಯ ಸುತ್ತ. "ನೋಡಿದ್ರಾ ಭಟ್ರೇ," ಎಂದರು ಮ್ಯಾನೇಜರು. ನನ್ನ ವಿದೇಶಯಾತ್ರೆ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಆಗ ಮಾಗಡಿ ಕಡೆಯ, ಸೈಟು ವ್ಯಾಪಾರದ ಯಜಮಾನರೊಬ್ಬರು ಅಂಗಿಯ ತೋಳು ಮಡಿಸಿದರು. "ಇದು ಮುದ್ದೆ ಕಣ್ರೀ. ಸಾರಿಲ್ದೆ ಮುದ್ದೆ ಹೆಂಗ್ರೀ ತಿಂತೀರಾ? ಭಟ್ರೇ, ಆ ಪಾತ್ರೆ ಈ ಕಡೆ ತನ್ನಿ. ಯಾರೂ ಅಗೀಬಾರ್ದು, ಅದ್ದಿ ನುಂಗಬೇಕು."

ಮೂವತ್ತು ಜನ ಉಂಡೆ ಕಟ್ಟಿ, ಅದ್ದಿ, ಗುಳುಂ ಎಂದು ನುಂಗಿದರು. ಅಜ್ಜಿ ಗಾಬರಿಯಿಂದ ಮ್ಯಾನೇಜರಿಗೆ ಏನೋ ಹೇಳಿದರು. ಮ್ಯಾನೇಜರು ನಮಗೆ ತಿಳಿಸಿದರು, "ಯಾರಿಗೂ ಹಲ್ಲಿಲ್ಲ ಅಂತ ಮೊದಲೇ ಹೇಳಿದ್ರೆ ಗಂಜಿ ಮಾಡ್ತಿದ್ನಲ್ಲ ಅಂತಿದಾರೆ."

ಯಜಮಾನರು ಒಂದು ಉಂಡೆ ಅದ್ದಿ ಅಜ್ಜಿಗೂ ಕೊಟ್ಟರು. ಅಜ್ಜಿ ನುಂಗಿದರು. ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಒಳಗೆ ಹೋದರು, ಮನೆಯಲ್ಲಿದ್ದ ಅತಿ ದೊಡ್ಡ ಬಟ್ಟಲು ತಂದು ನನ್ನ ಮುಂದೆ ಹಿಡಿದರು.

ಪಾತ್ರೆ ಬಗ್ಗಿಸಿದೆ. ಒಂದು ಹನಿಯೂ ಇರಲಿಲ್ಲ. ಬಟ್ಟಲು ಹಿಡಿದವರಿಗೆ ಇಲ್ಲ ಅಂದದ್ದು ನನ್ನ ಜನ್ಮದಲ್ಲೇ ಮೊದಲು. ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ.

ಮ್ಯಾನೇಜರು ಹತ್ತಿರ ಬಂದು ಗದರಿದರು. "ಇಷ್ಟು ಕಮ್ಮಿ ಮಾಡಿದ್ರೆ ಹೆಂಗೆ ಭಟ್ರೇ? ಮುಂದಿನ ಸಲ ಜೊತೆಗೆ ಇನ್ನೊಬ್ರು ಅಡುಗೆಯವರನ್ನ ಕರ್ಕೊಂಡ್ ಬನ್ನಿ."